ಬಂದರು ಪ್ರಾಧಿಕಾರದ ಅಧಿಕಾರದ ಎಲ್ಲೆ ಎಲ್ಲಿಂದ ಎಲ್ಲಿಗೆ? ಮುಂಬೈಯ ನಮ್ಮವರು ತಿಳಿಸಿ

ಘಾಟ್ಕೋಪರ್ ಕ್ಯಾಂಟೀನ್

ಎಲ್ಲರಿಗೂ ನಮಸ್ಕಾರ. ಘಾಟ್ಕೋಪರಿನಲ್ಲಿ ನನ್ನದೊಂದು ಸಣ್ಣ ಕ್ಯಾಂಟೀನ್ ಇದೆ. ಬೆಳಿಗ್ಗೆ ಇಡ್ಲಿ, ವಡೆ, ಕಾಫಿ. ಮಧ್ಯಾಹ್ನ ಊಟ. ಜೊತೆಗೆ ಬೇಕರಿಯನ್ನೂ ಶುರು ಮಾಡೋಣ ಅಂತ ಹೊರದೇಶದಿಂದ ಒಂದು ಓವನ್, ಹಿಟ್ಟು ಕಲಸುವ ಯಂತ್ರ ತರಿಸಿದೆ. ಪರಿಚಯದ ಇನ್ನಿಬ್ಬರು ಹೋಟೆಲಿನವರೂ ಸೇರಿಕೊಂಡರು. ಹಾಗಾಗಿ ಒಂದು ಪೂರ್ತಿ ಕಂಟೇನರ್ ಆಯಿತು. ಕಾಗದವೆಲ್ಲ ನನ್ನ ಹೆಸರಿನಲ್ಲಿ.

ಹಡಗು ಬಂತು ಅಂತ ಫೋನ್ ಬಂದಾಗ ನಾಲ್ಕೈದು ದಿನದಲ್ಲಿ ಮಾಲು ಸಿಗುತ್ತದೆ ಅಂದುಕೊಂಡಿದ್ದೆ. ಕೈಗೆ ಬರುವಾಗ 23 ದಿನ ಆಗಿತ್ತು. ಯಾರ್ಡಿನ ನೆಲಬಾಡಿಗೆ ಅಂತ ಒಂದು ಬಿಲ್ಲು. ಕಂಟೇನರ್ ತಡವಾಗಿ ವಾಪಸ್ ಕೊಟ್ಟಿದ್ದಕ್ಕೆ ಇನ್ನೊಂದು ಬಿಲ್ಲು. ಎರಡೂ ಸೇರಿದರೆ ಓವನ್ ಬೆಲೆಯ ಕಾಲು ಭಾಗ. ಸಾಲ ಮಾಡಿ ತರಿಸಿದ ಸಾಮಾನು, ಹೊಟ್ಟೆ ಉರಿಯದೇ ಇರುತ್ತದಾ?

ಒಂದು ದಿನ ತಮ್ಮನನ್ನು ಗಲ್ಲೆ ಮೇಲೆ ಕೂರಿಸಿ ಬಲ್ಲಾರ್ಡ್ ಎಸ್ಟೇಟಿಗೆ ಹೋದೆ. ಬಂದರಿನ ದೊಡ್ಡ ಕಚೇರಿ ಅಲ್ಲಿದೆ ಅಂತ ಗೊತ್ತಿತ್ತು. ಬಾಗಿಲ ಹತ್ತಿರ ಹಿರಿಯರೊಬ್ಬರು ನನ್ನ ಕಾಗದ ತಿರುವಿ ನೋಡಿದರು. ನಿಮ್ಮ ಮಾಲು ಇಳಿದಿದ್ದು ನ್ಹಾವಾ ಶೇವಾದಲ್ಲಿ, ಅದು ಬೇರೆ ಬಂದರು, ಬೇರೆ ಪ್ರಾಧಿಕಾರ ಅಂದರು. ಕೂರಿಸಿ ನೀರು ಕೊಟ್ಟು, ಇನ್ನೊಂದು ಮಾತೂ ಹೇಳಿದರು. ಅಲ್ಲಿಗೆ ಹೋದರೂ ಈ ಬಿಲ್ಲು ಹಾಕಿದವರು ಬಂದರಿನವರಲ್ಲವಂತೆ.

ಹಾಗಾದರೆ ಬಂದರು ಪ್ರಾಧಿಕಾರ ಅಂದರೆ ಯಾರು? ಅವರ ಕೈ ಎಲ್ಲಿಯವರೆಗೆ ಚಾಚುತ್ತದೆ? ಮೂವತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ. ಆ ಉದ್ದದ ಗೋಡೆಯ ಪಕ್ಕದಲ್ಲೇ ಬಸ್ಸಿನಲ್ಲಿ ಓಡಾಡಿದ್ದೇನೆ. ಗೋಡೆಯ ಆಚೆ ಏನು ನಡೆಯುತ್ತದೆ ಅಂತ ನನಗೆ ಗೊತ್ತಿಲ್ಲ. ಬಲ್ಲವರು ಬಿಡಿಸಿ ಹೇಳಿ.

ಫೋರ್ಟ್ ಗುಮಾಸ್ತ

ಅಣ್ಣಾ, ನಾನು ಕುಂದಾಪುರದ ಕಡೆಯವ. 26 ವರ್ಷದಿಂದ ಬಂದರಿನಿಂದ ಮಾಲು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟರ ಹತ್ತಿರ ಕೆಲಸ. ನಿಮ್ಮ ಹಾಗೆ ಸುತ್ತುವವರನ್ನು ದಿನಾ ನೋಡುತ್ತೇನೆ. ನಿಧಾನಕ್ಕೆ ಹೇಳುತ್ತೇನೆ.

ಮೊದಲು ಇಷ್ಟು ತಿಳಿಯಿರಿ. ಕೊಲ್ಲಿ ಒಂದೇ, ಬಂದರು ಎರಡು. ಪಶ್ಚಿಮದ ದಡದಲ್ಲಿ ಮುಂಬೈ ಬಂದರು. ಅದರ ಟ್ರಸ್ಟ್ ಆಗಿದ್ದು 1873ರಲ್ಲಿ. ಮೊದಲ ಅಧ್ಯಕ್ಷರು ಕರ್ನಲ್ ಬಲ್ಲಾರ್ಡ್, ನೀವು ಹೋದ ಬಲ್ಲಾರ್ಡ್ ಎಸ್ಟೇಟಿಗೆ ಅವರದೇ ಹೆಸರು. ಎದುರು ದಡದಲ್ಲಿ, ರಾಯಗಡ ಜಿಲ್ಲೆಯ ಉರಣದ ಹತ್ತಿರ, ನ್ಹಾವಾ ಶೇವಾ. ಮುಂಬೈ ಬಂದರಿನ ಒತ್ತಡ ಇಳಿಸಲಿಕ್ಕೆ ಅಂತ ಕಟ್ಟಿ, 1989ರ ಮೇ 26ರಂದು ಶುರು ಮಾಡಿದರು. ಅದಕ್ಕೆ ಜವಾಹರಲಾಲ್ ನೆಹರೂ ಬಂದರು ಪ್ರಾಧಿಕಾರ ಅಂತ ಪ್ರತ್ಯೇಕ ಮಂಡಳಿ ಇದೆ. ಎರಡೂ ಕೇಂದ್ರ ಸರ್ಕಾರದ ಕೆಳಗೆ ಬರುತ್ತವೆ. ಆದರೆ ಒಂದರ ಕಾಗದ ಇನ್ನೊಂದರಲ್ಲಿ ನಡೆಯುವುದಿಲ್ಲ.

ಇನ್ನು ನಿಮ್ಮ ಕಂಟೇನರ್. ನ್ಹಾವಾ ಶೇವಾದಲ್ಲಿ ಪ್ರಾಧಿಕಾರ ಈಗ ಜಾಗದ ಒಡೆಯ ಮಾತ್ರ. ಕಂಟೇನರ್ ಇಳಿಸುವ ಟರ್ಮಿನಲ್‌ಗಳನ್ನೆಲ್ಲ ಖಾಸಗಿ ಕಂಪನಿಗಳು ಗುತ್ತಿಗೆ ಮೇಲೆ ನಡೆಸುತ್ತವೆ. ಪ್ರಾಧಿಕಾರ ತಾನೇ ನಡೆಸುತ್ತಿದ್ದ ಕೊನೆಯ ಕಂಟೇನರ್ ಟರ್ಮಿನಲ್ ಕೂಡ 2022ರಲ್ಲಿ ಖಾಸಗಿ ಕೈಗೆ ಹೋಯಿತು. ಅಂದರೆ ನಿಮ್ಮ ಪೆಟ್ಟಿಗೆಯನ್ನು ಬಂದರು ಪ್ರಾಧಿಕಾರದ ಒಬ್ಬ ನೌಕರನೂ ಮುಟ್ಟಿಲ್ಲ. ಹಡಗು ಕಂಪನಿ ತಂದಿತು. ಟರ್ಮಿನಲ್ ಕಂಪನಿ ಇಳಿಸಿತು. ಟ್ರೇಲರ್ ಅದನ್ನು ಬಂದರಿನ ಹೊರಗೆ ಕಂಟೇನರ್ ಇಟ್ಟು ಬಿಡಿಸಿಕೊಡುವ ಸಿಎಫ್‌ಎಸ್ ಯಾರ್ಡಿಗೆ ಒಯ್ದಿತು. ಕಸ್ಟಮ್ಸ್ ತೆರಿಗೆ ಹಾಕಿತು.

ನೆಲಬಾಡಿಗೆ ಬಿಲ್ಲು ಯಾರ್ಡಿನವರದ್ದು. ಕಂಟೇನರ್ ಶುಲ್ಕದ ಬಿಲ್ಲು ಹಡಗು ಕಂಪನಿಯದ್ದು. ಕಸ್ಟಮ್ಸ್ ಇರುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯ ಕೆಳಗೆ, ಬಂದರು ಇರುವುದು ಬಂದರು ಮತ್ತು ಹಡಗು ಸಚಿವಾಲಯದ ಕೆಳಗೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಹಾಗೆ ಎಳೆದಾಡಿದರೆ ನಡುವೆ ಸಿಕ್ಕವರಿಗೆ ಪೆಟ್ಟು ಬೀಳುತ್ತದೆ.

ಈಗ ಹೇಳಿ. ಬಿಲ್ ಆಫ್ ಎಂಟ್ರಿ, ಅಂದರೆ ಮಾಲಿನ ವಿವರ ಬರೆದು ಕಸ್ಟಮ್ಸಿಗೆ ಕೊಡುವ ಕಾಗದ, ಹಾಕಿದ್ದು ಯಾವತ್ತು? ಕಸ್ಟಮ್ಸಿನವರು ಏನಾದರೂ ಪ್ರಶ್ನೆ ಕೇಳಿದ್ದರಾ?

ಘಾಟ್ಕೋಪರ್ ಕ್ಯಾಂಟೀನ್

ಕಾಗದ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹಡಗು ಬಂದ ಎರಡನೇ ದಿನ ಬಿಲ್ ಆಫ್ ಎಂಟ್ರಿ ಹೋಗಿದೆ. ಐದನೇ ದಿನ ಯಂತ್ರದ ಬೆಲೆ ಬಗ್ಗೆ ಪ್ರಶ್ನೆ ಬಂದಿದೆ. ಏಜೆಂಟರು ಉತ್ತರ ಹಾಕಿದ್ದು ಹದಿನಾಲ್ಕನೇ ದಿನ. ಅಷ್ಟು ದಿನ ನನಗೆ ಯಾರೂ ಒಂದು ಮಾತು ಹೇಳಿಲ್ಲ. ಅವರು ಕೇಳಿದ ಇನ್ವಾಯ್ಸ್ ನನ್ನ ಕಪಾಟಿನಲ್ಲೇ ಇತ್ತು.

ಫೋರ್ಟ್ ಗುಮಾಸ್ತ

ಅಲ್ಲೇ ಇದೆ ನೋಡಿ ಅಣ್ಣ. ಒಂಬತ್ತು ದಿನ ಹೋಗಿದ್ದು ಅಲ್ಲಿ.

2009ರ ಕಸ್ಟಮ್ಸ್ ನಿಯಮವೊಂದಿದೆ. ಕಸ್ಟಮ್ಸಿನವರು ಮಾಲನ್ನು ಜಪ್ತಿ ಮಾಡಿದರೆ ಅಥವಾ ತಡೆಹಿಡಿದರೆ ಆ ದಿನಗಳಿಗೆ ಯಾರ್ಡಿನವರು ಬಾಡಿಗೆ ಕೇಳುವ ಹಾಗಿಲ್ಲ. ಆದರೆ ಸುಮ್ನೆ ಒಂದು ಪ್ರಶ್ನೆ ಕೇಳಿದ ಮಾತ್ರಕ್ಕೆ ತಡೆಹಿಡಿದ ಲೆಕ್ಕ ಆಗುವುದಿಲ್ಲ. ಮಾಲು ತಡೆಹಿಡಿದಿದ್ದೇವೆ ಅಂತ ಕಸ್ಟಮ್ಸಿನಿಂದ ಸರ್ಟಿಫಿಕೇಟ್ ಬೇಕು. ನಿಮ್ಮದರಲ್ಲಿ ಅದು ಸಿಗಲಿಕ್ಕಿಲ್ಲ. ಯಾರ್ಡಿನವರ ಹತ್ತಿರ ರಿಯಾಯಿತಿ ಕೇಳಿ, ಬರಹದಲ್ಲಿ, ದಿನಾಂಕಗಳ ಸಮೇತ. ಎಷ್ಟೋ ಸಲ ಸ್ವಲ್ಪ ಬಿಡುತ್ತಾರೆ. ಏಜೆಂಟರಿಗೂ ಬರೆಯಿರಿ.

ಮುಂದಿನ ಸಲಕ್ಕೆ ಒಂದು ವಿಷಯ. ತಡ ಆಗುತ್ತದೆ ಅಂತ ಮೊದಲೇ ಗೊತ್ತಾದರೆ ಕಸ್ಟಮ್ಸ್ ಕಾಯ್ದೆಯ 49ನೇ ಸೆಕ್ಷನ್ ಕೆಳಗೆ ಮಾಲನ್ನು ವೇರ್‌ಹೌಸಿಗೆ ಸಾಗಿಸಲು ಅರ್ಜಿ ಹಾಕಬಹುದು. ಕಂಟೇನರ್ ಖಾಲಿ ಮಾಡಿ ವಾಪಸ್ ಕೊಟ್ಟರೆ ಹಡಗು ಕಂಪನಿಯ ಮೀಟರ್ ನಿಲ್ಲುತ್ತದೆ. 30 ದಿನ ಮೀರಿ ಬಿಟ್ಟರೆ ನೋಟಿಸ್ ಕೊಟ್ಟು ಮಾಲನ್ನೇ ಮಾರುವ ಅಧಿಕಾರ ಇದೆ. ಅದನ್ನು ಮರೆಯಬೇಡಿ.

ಡೊಂಬಿವಲಿ ಕಾನೂನು ವಿದ್ಯಾರ್ಥಿನಿ

ಗುಮಾಸ್ತ ಸರ್ ಹೇಳಿದ್ದು ಓದಿ ಖುಷಿಯಾಯಿತು. ಕ್ಯಾಂಟೀನ್ ಮಾವ ಕೇಳಿದ ಮೂಲ ಪ್ರಶ್ನೆಗೆ ನಾನು ಸ್ವಲ್ಪ ಸೇರಿಸುತ್ತೇನೆ. ಈ ಸೆಮಿಸ್ಟರಿನಲ್ಲಿ ಇದನ್ನೇ ಓದುತ್ತಿದ್ದೇನೆ.

ನಮ್ಮ ಸಂವಿಧಾನದಲ್ಲಿ ಬಂದರುಗಳು ಎರಡು ಕಡೆ ಬರುತ್ತವೆ. ಕೇಂದ್ರ ಪಟ್ಟಿಯ 27ನೇ ನಮೂದಿನಲ್ಲಿ ಪ್ರಮುಖ ಬಂದರುಗಳು. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ 31ನೇ ನಮೂದಿನಲ್ಲಿ ಉಳಿದ ಬಂದರುಗಳು. ಪ್ರಮುಖ ಅಂದರೆ ಗಾತ್ರದಲ್ಲಿ ದೊಡ್ಡದು ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಕೇಂದ್ರ ಸರ್ಕಾರ ಪ್ರಮುಖ ಅಂತ ಘೋಷಿಸಿದ್ದು ಪ್ರಮುಖ ಬಂದರು, ಅಷ್ಟೇ. ಗುಜರಾತಿನ ಮುಂದ್ರಾ ದೇಶದಲ್ಲೇ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಕಾನೂನಿನ ಪ್ರಕಾರ ಅದು ಪ್ರಮುಖ ಬಂದರಲ್ಲ, ರಾಜ್ಯದ ಬಂದರುಗಳನ್ನು ನೋಡಿಕೊಳ್ಳುವ ಮಾರಿಟೈಮ್ ಬೋರ್ಡಿನ ಕೆಳಗೆ ಬರುತ್ತದೆ. ನಮ್ಮ ನವ ಮಂಗಳೂರು ಪ್ರಮುಖ ಬಂದರು. ಕಾರವಾರ ಅಲ್ಲ.

ಮುಂಬೈ, ನ್ಹಾವಾ ಶೇವಾ ಎರಡೂ ಈಗ ನಡೆಯುವುದು 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಪ್ರಕಾರ. ಅದಕ್ಕೂ ಮೊದಲು 1963ರ ಟ್ರಸ್ಟ್ ಕಾಯ್ದೆ ಇತ್ತು. ಹಾಗಾಗಿ ಹಳಬರು ಇವತ್ತಿಗೂ ಪೋರ್ಟ್ ಟ್ರಸ್ಟ್ ಅಂತಲೇ ಕರೆಯುತ್ತಾರೆ. ಮೊದಲು ಬಂದರಿನ ದರ ಗೊತ್ತು ಮಾಡಲು ಬೇರೆ ದರ ಪ್ರಾಧಿಕಾರ ಇತ್ತು. ಈಗ ಮಂಡಳಿಯೇ ತನ್ನ ದರಪಟ್ಟಿ ಮಾಡಿಕೊಳ್ಳುತ್ತದೆ. ಮಂಡಳಿಯಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು ಇರುತ್ತಾರೆ. ರಾಜ್ಯ ಸರ್ಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್ ಕಡೆಯಿಂದ ಒಬ್ಬೊಬ್ಬರು. ನೌಕರರ ಪರವಾಗಿ ಇಬ್ಬರು. ಮತ್ತೆ ಸ್ವತಂತ್ರ ಸದಸ್ಯರು, ಕೇಂದ್ರದ ಒಬ್ಬ ಅಧಿಕಾರಿ.

ನಗರಪಾಲಿಕೆಗೆ ಅಂತ ಒಂದು ಕುರ್ಚಿ ಆ ಪಟ್ಟಿಯಲ್ಲಿಲ್ಲ. ಕ್ಲಾಸಿನಲ್ಲಿ ಇದನ್ನು ಓದಿದಾಗ ನನಗೆ ಬಹಳ ಹೊತ್ತು ಸಮಾಧಾನ ಆಗಲಿಲ್ಲ.

ಟಗ್ ಹುಡುಗ

ನಾನು ಟಗ್, ಅಂದರೆ ದೊಡ್ಡ ಹಡಗನ್ನು ಎಳೆದು ತಳ್ಳುವ ಸಣ್ಣ ಬೋಟಿನ ಮೇಲೆ ಕೆಲಸ ಮಾಡುವವ. ಊರು ಹೊನ್ನಾವರ. ನೀರಿನ ಕಡೆಯ ವಿಷಯ ನಾನು ಹೇಳುತ್ತೇನೆ.

ಗದ್ದೆಗೆ ಬದು ಇದ್ದ ಹಾಗೆ ಬಂದರಿಗೂ ನೀರಿನಲ್ಲಿ ಎಲ್ಲೆ ಇರುತ್ತದೆ. ಸರ್ಕಾರ ಅದನ್ನು ಅಧಿಸೂಚನೆ ಮಾಡಿ ನಕ್ಷೆಯಲ್ಲಿ ಗುರುತಿಸುತ್ತದೆ. ಆ ಎಲ್ಲೆಯೊಳಗೆ ದೊಡ್ಡ ಹಡಗು ಬಂದರೆ ದಾರಿ ತೋರಿಸುವ ಪೈಲಟ್ ಹತ್ತಲೇಬೇಕು. ಕ್ಯಾಪ್ಟನ್ ನಲವತ್ತು ವರ್ಷ ಸಮುದ್ರ ಕಂಡವರಾಗಿದ್ದರೂ ಇಲ್ಲಿನ ಬಂಡೆ, ಹೂಳು, ಸೆಳೆತ ಗೊತ್ತಿರುವುದು ಇಲ್ಲಿನ ಪೈಲಟ್ಟಿಗೆ. ಹೂಳು ತೆಗೆಸುವುದು, ಬಾಯ್ ಅನ್ನುವ ತೇಲುವ ಗುರುತು ಬಿಟ್ಟು ದಾರಿ ತೋರಿಸುವುದು, ದೀಪ, ಟಗ್, ಯಾವ ಹಡಗು ಮೊದಲು ಯಾವುದು ಆಮೇಲೆ ಅನ್ನುವುದು, ಇದೆಲ್ಲ ಬಂದರಿನ ಕೆಲಸ.

ಮುಂಬೈ ಬಂದರಿನ ಇಂದಿರಾ ಡಾಕ್, ಅಂದರೆ ಹಡಗು ನಿಲ್ಲುವ ಕಟ್ಟೆ, ಅದರ ಲಾಕ್ ಗೇಟ್ ನೋಡಿದ್ದೀರಾ? ಈ ಡಾಕ್ ಶುರುವಾಗಿದ್ದು 1914ರಲ್ಲಿ, ಆಗ ಅಲೆಕ್ಸಾಂಡ್ರಾ ಡಾಕ್ ಅಂತಿದ್ದರು. ಮುಂಬೈಯಲ್ಲಿ ಭರತ, ಇಳಿತದ ವ್ಯತ್ಯಾಸ ಜಾಸ್ತಿ. ಇಳಿತದಲ್ಲಿ ಹಡಗಿನ ತಳ ನೆಲಕ್ಕೆ ತಾಗಬಾರದು ಅಂತ ಡಾಕಿನೊಳಗೆ ನೀರು ಹಿಡಿದಿಡುತ್ತಾರೆ. ಹಡಗು ಒಳಗೆ ಹೋಗಬೇಕಾದರೆ ಎರಡು ಗೇಟುಗಳ ನಡುವಿನ ಕಾಲುವೆಯಲ್ಲಿ ನಿಲ್ಲಬೇಕು. ಉದ್ದ 228 ಮೀಟರ್, ಅಗಲ ಬರೀ 30 ಮೀಟರ್. ಹಿಂದಿನ ಗೇಟು ಮುಚ್ಚುತ್ತಾರೆ, ನೀರು ಏರುತ್ತದೆ, ಇಡೀ ಹಡಗು ನಮ್ಮ ಕಣ್ಣೆದುರು ನಿಧಾನಕ್ಕೆ ಮೇಲೇಳುತ್ತದೆ. ಎರಡೂ ಪಕ್ಕ ಕಲ್ಲಿನ ಗೋಡೆ ಒಂದೆರಡು ಕೈ ದೂರ. ಹಗ್ಗ ಕಿರುಗುಟ್ಟುವುದು ಬಿಟ್ಟರೆ ಬೇರೆ ಸದ್ದಿಲ್ಲ, ಯಾರೂ ಮಾತಾಡುವುದಿಲ್ಲ. ಮೊದಲ ಸಲ ಅದನ್ನು ನೋಡಿದ ದಿನ ಮನೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದ್ದೆ.

ಇನ್ನು ಎರಡು ಬಂದರಿನ ಕಥೆ. ಒಳಗೆ ಬರುವ ಮುಖ್ಯ ದಾರಿ ಎರಡಕ್ಕೂ ಒಂದೇ. 2010ರ ಆಗಸ್ಟ್ 7ರಂದು ಏನಾಯಿತು ನೆನಪಿದೆಯಾ? ಎಂಎಸ್‌ಸಿ ಚಿತ್ರಾ ಅನ್ನುವ ಕಂಟೇನರ್ ಹಡಗು ನ್ಹಾವಾ ಶೇವಾದಿಂದ ಹೊರಟಿತ್ತು. ಖಲೀಜಿಯಾ-3 ಅನ್ನುವ ಇನ್ನೊಂದು ಹಡಗು ಮುಂಬೈ ಬಂದರಿಗೆ ಬರುತ್ತಿತ್ತು. ಎರಡೂ ಡಿಕ್ಕಿ. ಚಿತ್ರಾ ವಾಲಿಕೊಂಡು ನೂರಾರು ಕಂಟೇನರ್ ನೀರಿಗೆ ಬಿದ್ದವು, ಎಣ್ಣೆ ಸೋರಿತು. ತೇಲುವ ಪೆಟ್ಟಿಗೆಗಳ ನಡುವೆ ಹಡಗು ಬಿಡುವ ಹಾಗಿರಲಿಲ್ಲ, ಎರಡೂ ಬಂದರು ಕೆಲವು ದಿನ ನಿಂತವು. ಆಗ ಕಾಣಿಸಿತು ಯಾರ ಕೆಲಸ ಯಾವುದು ಅಂತ. ಬಂದರಿನವರು ದಾರಿ ತೆರವು ಮಾಡಿಸಬೇಕು. ಸಮುದ್ರದಲ್ಲಿ ಎಣ್ಣೆ ಹರಡಿದರೆ ಮುಂದೆ ನಿಲ್ಲಬೇಕಾದವರು ಕರಾವಳಿ ಕಾವಲು ಪಡೆ. ಹಡಗಿನವರ ತಪ್ಪು ಒಪ್ಪು ವಿಚಾರಿಸುವುದು ಡೈರೆಕ್ಟರ್ ಜನರಲ್ ಆಫ್ ಶಿಪ್ಪಿಂಗ್. ದಡಕ್ಕೆ ಬಂದ ಎಣ್ಣೆ ರಾಜ್ಯ ಸರ್ಕಾರದ ತಲೆಗೆ. ಮೀನುಗಾರರ ಬಲೆ ಹಾಳಾಯಿತಲ್ಲ, ಅವರು ಈ ನಾಲ್ಕರಲ್ಲಿ ಯಾವ ಬಾಗಿಲು ಬಡಿಯಬೇಕು?

ಮುಲುಂಡ್ ಅಮ್ಮ

ನನ್ನದೊಂದು ಪ್ರಶ್ನೆ ಮಗಾ. ಮೊಮ್ಮಕ್ಕಳನ್ನು ಎಲಿಫಂಟಾ ದ್ವೀಪಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. 2024ರ ಡಿಸೆಂಬರಿನ ಬೋಟು ದುರಂತ ಆದ ಮೇಲೆ ಧೈರ್ಯ ಬರುತ್ತಿಲ್ಲ. ಗೇಟ್‌ವೇಯಿಂದ ಹೋಗುವ ಬೋಟುಗಳನ್ನು ನೋಡಿಕೊಳ್ಳುವವರು ಬಂದರಿನವರೇ ಅಲ್ವಾ?

ಟಗ್ ಹುಡುಗ

ಅಮ್ಮಾ, ಅಲ್ಲ. ಬೋಟು ಓಡುವ ನೀರು ಬಂದರಿನ ಎಲ್ಲೆಯೊಳಗಿದೆ. ಆದರೆ ಬೋಟಿನ ತಪಾಸಣೆ, ಲೈಸೆನ್ಸ್, ಎಷ್ಟು ಜನ ಹತ್ತಬಹುದು ಅನ್ನುವುದು ಮಹಾರಾಷ್ಟ್ರ ಮಾರಿಟೈಮ್ ಬೋರ್ಡಿನ ಕೈಲಿದೆ. ಅದು ರಾಜ್ಯದ್ದು, 1996ರಲ್ಲಿ ಆಗಿದ್ದು. ಆವತ್ತು ನೀಲ್ ಕಮಲ್ ಅನ್ನುವ ಪ್ರವಾಸಿ ಬೋಟಿಗೆ ಗುದ್ದಿದ್ದು ನೌಕಾಪಡೆಯ ಎಂಜಿನ್ ಪರೀಕ್ಷೆಯಲ್ಲಿದ್ದ ಸ್ಪೀಡ್ ಬೋಟ್. ಕೇಸು ದಾಖಲಾಗಿದ್ದು ಕೊಲಾಬಾ ಪೊಲೀಸ್ ಠಾಣೆಯಲ್ಲಿ. ಒಂದೇ ನೀರಿನ ಮೇಲೆ ಎಷ್ಟು ಜನರ ಅಧಿಕಾರ ಇದೆ ನೋಡಿ.

ಅದಾದ ಮೇಲೆ ಲೈಫ್ ಜಾಕೆಟ್ ಕಡ್ಡಾಯ ಮಾಡಿದ್ದಾರೆ. ನೀವು ಹೋಗುವಾಗ ಮಕ್ಕಳಿಗೆ ದಡದಲ್ಲೇ ಹಾಕಿಸಿ, ಬೆಲ್ಟು ಬಿಗಿ ಇದೆಯಾ ಅಂತ ನೀವೇ ಎಳೆದು ನೋಡಿ. ಜನ ಜಾಸ್ತಿ ಅನ್ನಿಸಿದರೆ ಮುಂದಿನ ಬೋಟಿಗೆ ಹೋಗಿ. ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ.

ಗೋದಿ ಮಗಳು

ಇಷ್ಟು ದಿನ ಓದುತ್ತಾ ಸುಮ್ಮನಿದ್ದೆ. ಇವತ್ತು ಬರೆಯಬೇಕು ಅನ್ನಿಸಿತು.

ಅಪ್ಪ ಡಾಕಿನಲ್ಲಿದ್ದರು. ಇಲ್ಲಿ ಡಾಕಿಗೆ ಗೋದಿ ಅಂತಾರೆ, ಹಾಗಾಗಿ ಈ ಹೆಸರು. ನಾನು ಹುಟ್ಟಿ ಬೆಳೆದಿದ್ದು ವಡಾಲಾದಲ್ಲಿ, ಬಂದರಿನ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ. ಹುಷಾರು ತಪ್ಪಿದರೆ ಬಂದರಿನದೇ ಆಸ್ಪತ್ರೆ. ಪಕ್ಕದ ಮನೆಯವರು ರತ್ನಾಗಿರಿಯವರು, ಎದುರು ಮನೆ ಆಂಧ್ರದವರು. ಅಪ್ಪ ಸೇರಿದ್ದು 1970ರ ದಶಕದಲ್ಲಿ. ಆಗ ಮೂಟೆ ಎತ್ತಲಿಕ್ಕೆ ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತಿತ್ತು. ಮರದ ಹಿಡಿ, ತುದಿ ಮೊನಚು. ಮನೆಗೆ ಬಂದು ಅದನ್ನು ಅಡುಗೆಮನೆ ಬಾಗಿಲ ಹಿಂದೆ ನೇತುಹಾಕುತ್ತಿದ್ದರು, ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಕಂಟೇನರ್ ಜಾಸ್ತಿಯಾದ ಹಾಗೆ ಮೂಟೆ ಕಡಿಮೆಯಾಯಿತು. ಆ ಕಂಟೇನರ್‌ಗಳೂ ಕೊಲ್ಲಿ ದಾಟಿ ಆಚೆ ದಡಕ್ಕೆ ಹೋದವು. ಕೊಕ್ಕೆ ಈಗ ನನ್ನ ಹತ್ತಿರ ಇದೆ. ಹಿಡಿ ಅಪ್ಪನ ಅಂಗೈ ತಾಗಿ ತಾಗಿ ನುಣುಪಾಗಿದೆ.

ಪ್ರತಿ ವರ್ಷ ಏಪ್ರಿಲ್ 14ರಂದು ಅಪ್ಪ ಸ್ವಲ್ಪ ಹೊತ್ತು ಮೌನವಾಗಿರುತ್ತಿದ್ದರು. 1944ರಲ್ಲಿ ಅದೇ ದಿನ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿಯಿತು. ಹತ್ತಿ ಮೂಟೆಗಳೂ ಸಿಡಿಮದ್ದೂ ಒಂದೇ ಹಡಗಿನಲ್ಲಿದ್ದವು. ನೂರಾರು ಜನ ಸತ್ತರು. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ವಾಪಸ್ ಬರಲಿಲ್ಲ. ದೇಶದಲ್ಲಿ ಅಗ್ನಿಶಾಮಕ ಸಪ್ತಾಹ ಆ ದಿನದಿಂದ ಶುರುವಾಗುವುದು ಅದೇ ಕಾರಣಕ್ಕೆ. ಅಪ್ಪ ಆಗ ಹುಟ್ಟಿಯೇ ಇರಲಿಲ್ಲ. ಆದರೂ ಗೋದಿಯಲ್ಲಿ ದುಡಿಯುವವರಿಗೆ ಅದು ಮನೆಯ ಸಾವಿನ ಹಾಗೆ.

ಪಿ. ಡಿಮೆಲ್ಲೊ ರಸ್ತೆಯಲ್ಲಿ ಓಡಾಡುವ ನಮ್ಮವರು ಎಷ್ಟು ಜನ ಅವರು ಯಾರು ಅಂತ ಕೇಳಿದ್ದೀರಿ? ಪ್ಲಾಸಿಡ್ ಡಿಮೆಲ್ಲೊ ನಮ್ಮ ಕರಾವಳಿಯವರು. ಡಾಕ್ ಕಾರ್ಮಿಕರನ್ನು ಕಟ್ಟಿ ನಿಲ್ಲಿಸಿದವರು. ಮಂಗಳೂರಿನಿಂದ ಬಂದ ಜಾರ್ಜ್ ಫರ್ನಾಂಡಿಸ್ ಕಾರ್ಮಿಕ ಸಂಘದ ಕೆಲಸ ಕಲಿತಿದ್ದು ಅವರ ಜೊತೆಯಲ್ಲಿ. ಡಿಮೆಲ್ಲೊ 1958ರಲ್ಲಿ ತೀರಿಕೊಂಡರು. ಮಂಡಳಿಯಲ್ಲಿ ನೌಕರರಿಗೆ ಎರಡು ಕುರ್ಚಿ ಇದೆ ಅಂತ ತಂಗಿ ಬರೆದಿದ್ದಾಳಲ್ಲ, ಅದು ಯಾರೋ ದಯೆಯಿಂದ ಕೊಟ್ಟಿದ್ದಲ್ಲ. ಬೀದಿಯಲ್ಲಿ ಕೂತು ಪಡೆದಿದ್ದು.

ಪೊವಾಯಿ ಇಂಜಿನಿಯರ್

ಅಕ್ಕ ಬರೆದಿದ್ದು ಮನಸ್ಸಿಗೆ ತಟ್ಟಿತು. ಆದರೂ ನನ್ನ ಅನಿಸಿಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮುಂಬೈ ಬಂದರಿನ ಕಾಲ ಮುಗಿಯಿತು ಅಲ್ವಾ? ಕಂಟೇನರ್ ಎಲ್ಲ ನ್ಹಾವಾ ಶೇವಾಗೆ ಹೋಯಿತು. ಈಗ ಪಾಲ್ಘರ್ ಜಿಲ್ಲೆಯ ವಾಢವಣದಲ್ಲಿ 76,220 ಕೋಟಿ ರೂಪಾಯಿಯ ಹೊಸ ಬಂದರು ಬರುತ್ತಿದೆ. 2024ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿದೆ. ನೂರರಲ್ಲಿ ನೆಹರೂ ಬಂದರು ಪ್ರಾಧಿಕಾರದ್ದು 74 ಪಾಲು, ರಾಜ್ಯದ ಮಾರಿಟೈಮ್ ಬೋರ್ಡಿನದು 26. ಹಾಗಿರುವಾಗ ನಗರದ ಮಧ್ಯೆ ಇಷ್ಟು ಜಾಗ ಗೋಡೆ ಹಾಕಿ ಯಾಕೆ ಇಟ್ಟುಕೊಳ್ಳಬೇಕು? ಉದ್ಯಾನ, ರಸ್ತೆ, ಮನೆ ಮಾಡಬಹುದು.

ಟಗ್ ಹುಡುಗ

ಸರ್, ಕಾಲ ಮುಗಿದಿಲ್ಲ. ಕೊಲ್ಲಿಯ ನಡುವೆ ಜವಾಹರ್ ದ್ವೀಪ ಇದೆ. ಕಚ್ಚಾ ತೈಲದ ಹಡಗುಗಳು ಅಲ್ಲಿ ಕಟ್ಟುತ್ತವೆ. ಅಲ್ಲಿಂದ ನೀರಿನಡಿಯ ಪೈಪಿನಲ್ಲಿ ಚೆಂಬೂರು, ಮಾಹುಲ್ ಕಡೆಯ ರಿಫೈನರಿಗಳಿಗೆ ಎಣ್ಣೆ ಹೋಗುತ್ತದೆ. ಪೀರ್ ಪಾವ್‌ನಲ್ಲಿ ರಾಸಾಯನಿಕ. ಇಂದಿರಾ ಡಾಕಿನಲ್ಲಿ ಉಕ್ಕು, ರಫ್ತಿನ ಕಾರು. ಬಲ್ಲಾರ್ಡ್ ಪಿಯರಿಗೆ ಪ್ರವಾಸಿ ಹಡಗು. ಭಾವುಚಾ ಧಕ್ಕಾದಿಂದ ಉರಣ, ರೇವಸ್, ಮಾಂಡವಾ ಕಡೆಗೆ ದಿನಾ ಜನ. ಸಾಸೂನ್ ಡಾಕಿನಲ್ಲಿ ಮೀನು. ಬೆಳಗಿನ ಐದು ಗಂಟೆಗೆ ಒಮ್ಮೆ ಬನ್ನಿ, ನಾನೇ ತೋರಿಸುತ್ತೇನೆ.

ಶಿವಡಿಯವ

ನೆಲದ ವಿಷಯ ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಇಂಜಿನಿಯರ್ ಸರ್, ಆ ಗೋಡೆಯ ಒಳಗೆ ಖಾಲಿ ಜಾಗ ಮಾತ್ರ ಇಲ್ಲ. ನಾವೂ ಇದ್ದೇವೆ.

ಕೊಲಾಬಾದಿಂದ ವಡಾಲಾವರೆಗೆ ಪೂರ್ವದ ತೀರದ ಬಹುಪಾಲು ಬಂದರಿನ ನೆಲ. ಎಷ್ಟೋ ಜಾಗ ಸಮುದ್ರ ತುಂಬಿಸಿ ಮಾಡಿದ್ದು. ಬಲ್ಲಾರ್ಡ್ ಎಸ್ಟೇಟ್ ನಿಂತಿರುವುದೂ ಅಲೆಕ್ಸಾಂಡ್ರಾ ಡಾಕ್ ಅಗೆದಾಗ ಸಿಕ್ಕ ಮಣ್ಣಿನ ಮೇಲೆ. ಈ ನೆಲದಲ್ಲಿ ಕಚೇರಿ, ಗೋದಾಮು, ದಾರುಖಾನಾದ ಹಡಗು ಒಡೆಯುವ ಅಂಗಳ, ಮರದ ಅಡ್ಡೆ, ಚಹಾ ಅಂಗಡಿ ಎಲ್ಲ ಇವೆ. ನಮ್ಮಂಥವರ ಜೋಪಡಿಗಳೂ ಇವೆ. ನನ್ನ ತಂದೆ ಬಾಗಲಕೋಟೆಯಿಂದ ಬಂದು ಇಲ್ಲೇ ಲೋಹದ ಗುಜರಿ ಹೊತ್ತವರು. ನಾನು ಇಲ್ಲೇ ಹುಟ್ಟಿದೆ.

ಬೇರೆ ಕಡೆಯ ಜೋಪಡಿಯವರಿಗೆ ರಾಜ್ಯದ ಪುನರ್ವಸತಿ ಯೋಜನೆ ಇದೆ. ನಮ್ಮದು ಕೇಂದ್ರದ ನೆಲ. ಹಾಗಾಗಿ ಅದು ಇಲ್ಲಿ ನೇರವಾಗಿ ನಡೆಯುವುದಿಲ್ಲ. ಎಬ್ಬಿಸುವುದಕ್ಕೆ ಮಾತ್ರ 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ, ಎಸ್ಟೇಟ್ ಆಫೀಸರ್ ನೋಟಿಸ್ ಕೊಡಬಹುದು. ಮತ ಹಾಕುವುದು ಪಾಲಿಕೆಗೆ, ವಿಧಾನಸಭೆಗೆ, ಲೋಕಸಭೆಗೆ. ಕಾಲಡಿಯ ನೆಲದ ಮಾತು ಆಡುವವರು ಮಂಡಳಿಯವರು. ಅವರನ್ನು ನಾವು ಆರಿಸುವುದಿಲ್ಲ.

2018ರಲ್ಲಿ ಸುಮಾರು 966 ಹೆಕ್ಟೇರಿಗೆ ಬಂದರನ್ನೇ ವಿಶೇಷ ಯೋಜನಾ ಪ್ರಾಧಿಕಾರ ಮಾಡಿದರು. ಅಂದರೆ ಇಲ್ಲಿ ಎಲ್ಲಿ ಏನು ಕಟ್ಟಬೇಕು ಅಂತ ನಕ್ಷೆ ಬರೆಯುವ ಅಧಿಕಾರ. ಆ ಕರಡು ನಕ್ಷೆಯ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ನಮ್ಮ ಓಣಿ ಹುಡುಕಿದೆ. ಬಣ್ಣ ಹಚ್ಚಿದ್ದರು, ಅದರ ಮೇಲೆ ಹೆಸರಿರಲಿಲ್ಲ.

ಡೊಂಬಿವಲಿ ಕಾನೂನು ವಿದ್ಯಾರ್ಥಿನಿ

ಶಿವಡಿ ಅಣ್ಣ, ನಿಮ್ಮ ಮಾತು ಕಾನೂನಿನಲ್ಲೂ ಇದೆ. 2021ರ ಕಾಯ್ದೆ ಪ್ರಕಾರ ಮಂಡಳಿ ಬಂದರಿನ ಎಲ್ಲೆ ಮತ್ತು ಅದಕ್ಕೆ ಸೇರಿದ ನೆಲಕ್ಕೆ ತನ್ನದೇ ಮಾಸ್ಟರ್ ಪ್ಲಾನ್ ಮಾಡಬಹುದು. ರಾಜ್ಯದ ಅಥವಾ ಸ್ಥಳೀಯ ಸಂಸ್ಥೆಯ ನಿಯಮಕ್ಕೂ ಅದಕ್ಕೂ ಘರ್ಷಣೆ ಬಂದರೆ ಮಂಡಳಿಯ ನಿಯಮವೇ ಮೇಲೆ. ಪಾಲಿಕೆಗೆ ಕುರ್ಚಿ ಇಲ್ಲ ಅಂತ ನಾನು ಮೊದಲು ಬರೆದಿದ್ದು ಇದಕ್ಕೇ.

ಇನ್ನೊಂದು ಪಕ್ಕವೂ ಇದೆ. ಬಂದರಿನ ಜಾಗದ ಬಾಡಿಗೆದಾರರ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಬಂದರು ಟ್ರಸ್ಟ್ ಸರ್ಕಾರದ ಅಂಗ, ಲಾಭವೊಂದನ್ನೇ ನೋಡುವ ಖಾಸಗಿ ಮಾಲೀಕನ ಹಾಗೆ ನಡೆಯುವಂತಿಲ್ಲ, ನ್ಯಾಯವಾಗಿ ನಡೆಯಬೇಕು ಅನ್ನುವುದು ಅದರ ತಿರುಳು. ಅದು ಬಾಡಿಗೆಯ ಪ್ರಕರಣ, ಜೋಪಡಿಯದ್ದಲ್ಲ. ಆದರೂ ಆ ತತ್ವವನ್ನು ಹಿಡಿದು ಕೇಳಬಹುದು. ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಕಾಶ ಇರುತ್ತದೆ. ಬರೆಯುವುದಕ್ಕೆ ನಾನು ಕೂರುತ್ತೇನೆ. ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಮಾಡಿಕೊಡುತ್ತೇನೆ.

ವಾಸ್ಕೊ ಗದಗಿನವ

ಗೋವಾದಿಂದ ನಮಸ್ಕಾರ ರೀ. ಇಲ್ಲಿ ಮುರಗಾಂವ್ ಬಂದರು. ಅದೂ ಪ್ರಮುಖ ಬಂದರು. ನಮ್ಮ ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಇಲ್ಲಿಂದಲೇ ಹೊರಗೆ ಹೋಗುತ್ತಿತ್ತು. ಈಗ ಕಲ್ಲಿದ್ದಲು ಇಲ್ಲಿ ಇಳಿದು ರೈಲಿನಲ್ಲಿ ನಮ್ಮ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಕಲ್ಲಿದ್ದಲ ಪುಡಿ ಮಾತ್ರ ವಾಸ್ಕೊ ಮನೆಗಳ ಕಿಟಕಿ ಮೇಲೆ ಕೂರುತ್ತದೆ.

ಆ 2021ರ ಕಾಯ್ದೆ ಬಂದಾಗ ಇಲ್ಲಿ ದೊಡ್ಡ ವಿರೋಧ ಆಯಿತು. ಮೀನುಗಾರರಿಗೂ ಪಂಚಾಯತಿಯವರಿಗೂ ಇದ್ದ ಹೆದರಿಕೆ ಒಂದೇ. ನಮ್ಮ ದಂಡೆ ನಾಳೆ ಬಂದರಿನ ನಕ್ಷೆಯೊಳಗೆ ಹೋದರೆ ಯಾರನ್ನು ಕೇಳಬೇಕು ಅಂತ. ಶಿವಡಿಯವರು ಬರೆದಿದ್ದು ಓದಿ ಮನೆಯವಳಿಗೂ ಓದಿ ಹೇಳಿದೆ. ಊರು ಬೇರೆ, ಮಾತು ಅದೇ.

ಪೊವಾಯಿ ಇಂಜಿನಿಯರ್

ಶಿವಡಿಯವರೇ, ಕ್ಷಮಿಸಿ. ಖಾಲಿ ಜಾಗ ಅಂತ ಬರೆಯಬಾರದಿತ್ತು. ಅಟಲ್ ಸೇತು ಶುರುವಾಗುವುದು ನಿಮ್ಮ ಶಿವಡಿಯಲ್ಲೇ. 2024ರ ಜನವರಿಯಿಂದ ಎಷ್ಟೋ ಸಲ ಅದರ ಮೇಲೆ ಹೋಗಿದ್ದೇನೆ. ಮೇಲಿಂದ ಫ್ಲೆಮಿಂಗೊ ಹಕ್ಕಿ ಹುಡುಕಿದ್ದೇನೆ, ಕೆಳಗಿನ ಓಣಿ ನೋಡಿರಲಿಲ್ಲ. ಆಕ್ಷೇಪಣೆ ಬರೆಯುವಾಗ ನಕ್ಷೆ ಓದಿ ಅಳತೆ ಹಾಕಲು ಜನ ಬೇಕಾದರೆ ನಾನು ಬರುತ್ತೇನೆ.

ಶಿವಡಿಯವ

ಬನ್ನಿ ಸರ್. ಭಾನುವಾರ ಸಿಗುತ್ತೇನೆ. ಶಿವಡಿ ಸ್ಟೇಷನ್ನಿನ ಪೂರ್ವದ ಕಡೆ ಇಳಿಯಿರಿ.

ಘಾಟ್ಕೋಪರ್ ಕ್ಯಾಂಟೀನ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಗುಮಾಸ್ತ ತಮ್ಮ ಹೇಳಿದ ಹಾಗೆ ದಿನಾಂಕಗಳ ಸಮೇತ ಎರಡು ಪತ್ರ ಬರೆದೆ. ಯಾರ್ಡಿನವರು ನೆಲಬಾಡಿಗೆಯಲ್ಲಿ ಸ್ವಲ್ಪ ಬಿಟ್ಟರು. ಹಡಗು ಕಂಪನಿಯಿಂದ ಉತ್ತರ ಬಂದಿಲ್ಲ. ಏಜೆಂಟರು ತಮ್ಮ ಶುಲ್ಕದಲ್ಲಿ ಅರ್ಧ ವಾಪಸ್ ಕೊಡುತ್ತೇನೆ ಅಂದಿದ್ದಾರೆ, ಬರಹದಲ್ಲಿ ಕೊಡಿ ಅಂದಿದ್ದೇನೆ.

ಓವನ್ ಹಚ್ಚಿದ್ದೇವೆ. ಮೊದಲ ದಿನದ ಬನ್ನಿನ ಒಂದು ಟ್ರೇ ಹಿಡಿದು ಬಲ್ಲಾರ್ಡ್ ಎಸ್ಟೇಟಿಗೆ ಹೋಗಿ, ಆವತ್ತು ನೀರು ಕೊಟ್ಟ ಹಿರಿಯರಿಗೆ ಕೊಟ್ಟು ಬಂದೆ. ಅವರದೂ ಗೋದಿಯ ಮನೆಯಂತೆ, ತಂದೆ ಪ್ರಿನ್ಸೆಸ್ ಡಾಕಿನಲ್ಲಿ ಇದ್ದವರು. ಆ ಡಾಕನ್ನು ಈಗ ತುಂಬಿಸಿಬಿಟ್ಟಿದ್ದಾರೆ ಅಂತ ಕೈ ಚಾಚಿ ತೋರಿಸಿದರು.

ಟಗ್ ಹುಡುಗ, ಬೆಳಿಗ್ಗೆ ಐದಕ್ಕೆ ಸಾಸೂನ್ ಡಾಕ್ ತೋರಿಸುತ್ತೇನೆ ಅಂದಿದ್ದೀರಲ್ಲ, ನಾನು ಬರುತ್ತೇನೆ. ಗೋದಿ ಮಗಳು ಅಕ್ಕ, ನೀವೂ ಬರುತ್ತೀರಾ? ಮುಲುಂಡ್ ಅಮ್ಮನವರು ಮೊಮ್ಮಕ್ಕಳ ಜೊತೆ ಬರುವುದಾದರೆ ಕಾಫಿ ಫ್ಲಾಸ್ಕು ನಾನು ತರುತ್ತೇನೆ. ದಿನ ಗೊತ್ತು ಮಾಡಿ ಹೇಳಿ.